ಎರಡು ಹೆಸರಿನ ಕಾಗದ

ಹೋದ ಶನಿವಾರ ರಾತ್ರಿ ಇಬ್ಬರೂ ಹಿದಕಬೇಳೆಗೆ ಕೂತಿದ್ದೆವು. ಬೆಳಗ್ಗೆಯೇ ನೆನೆಹಾಕಿದ್ದ ಅವರೆಕಾಳು ಬೋಗುಣಿ ತುಂಬ ಉಬ್ಬಿಕೊಂಡಿತ್ತು. ಹೆಬ್ಬೆರಳು, ತೋರುಬೆರಳಿನ ನಡುವೆ ಕಾಳು ಹಿಡಿದು ಒತ್ತಿದರೆ ಬೇಳೆ ಪುಟಕ್ಕನೆ ಹಾರಿ ತಟ್ಟೆಗೆ ಬೀಳುತ್ತದೆ, ಸಿಪ್ಪೆ ಬೆರಳಿಗೇ ಅಂಟಿಕೊಂಡಿರುತ್ತದೆ. ಅಷ್ಟರಲ್ಲಿ ನನ್ನ ಫೋನ್ ಸದ್ದಾಯಿತು. ನಮ್ಮನೆಯವನು ಕೈ ಒರೆಸಿಕೊಂಡು ಓದಿ ಹೇಳಿದ: ‘ರಜೆ ಸದಸ್ಯತ್ವದ ವಾರ್ಷಿಕ ಶುಲ್ಕ 27,026 ರೂಪಾಯಿ. ತಿಂಗಳ ಕೊನೆಯೊಳಗೆ ಕಟ್ಟಬೇಕಂತೆ ಕಣೋ.’

2014ರಿಂದ ಪ್ರತಿ ಜನವರಿಯಲ್ಲೂ ಈ ಮೆಸೇಜು ಬರುತ್ತದೆ. ನಾವು ಎಲ್ಲಿಗೂ ಹೋಗದ ವರ್ಷವೂ ಬಂದಿದೆ, ಕೋವಿಡ್‌ನಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದಾಗಲೂ ಬಂದಿದೆ. ಮಿಕ್ಕವರ ಸಾಲ, ಮಿಕ್ಕವರ ಉಳಿತಾಯದ ಬಗ್ಗೆ ಈ ಅಂಕಣದಲ್ಲಿ ತುಂಬ ಬರೆದಿದ್ದೇನೆ. ಈ ಸಲ ನನ್ನ ಮನೆಯ ಲೆಕ್ಕ.

‘ನಮ್ಮನೆಯವನು’ ಅಂದೆ. ನಮ್ಮ ಕಡೆ ಹೆಂಗಸರು ಗಂಡನ ಹೆಸರೆತ್ತದೆ ‘ನಮ್ಮನೆಯವರು’ ಅನ್ನುತ್ತಾರಲ್ಲ, ಆ ಮಾತು ನನಗೂ ಬೇಕಾಗಿತ್ತು. ನಾನು ಸಲಿಂಗಿ. ಅವನೂ ನಾನೂ 2011ರಿಂದ ಬಸವನಗುಡಿಯಲ್ಲಿ ಒಂದೇ ಮನೆಯಲ್ಲಿದ್ದೇವೆ. ಡಿವಿಜಿ ರಸ್ತೆಯ ಹಿಂದಿನ ಸಾಲುಗಳಲ್ಲಿ ಆಗ ‘ಫ್ಯಾಮಿಲಿಗೆ ಮಾತ್ರ’ ಎಂಬ ಬೋರ್ಡು ಇಲ್ಲದ ಗೇಟು ಸಿಗುವುದು ಕಷ್ಟವಿತ್ತು. ಚಿಕ್ಕಮ್ಮನ ಮಗ ಎಂದು ಹೇಳಿ ಅವನನ್ನು ಒಳಗೆ ಕರೆತಂದೆ. ಕೆಳಗಿನ ಮನೆಯ ಓನರ್ ಆಂಟಿ ಇವತ್ತಿಗೂ ‘ನಿಮ್ಮ ತಮ್ಮ ಬಂದನೇನಪ್ಪಾ?’ ಎಂದು ಕೇಳುತ್ತಾರೆ. ಅವರಿಗೆ ಗೊತ್ತಿದೆ ಎಂದು ನನಗೆ ಗೊತ್ತು. ಅವನ ತಾಯಿಯ ಮನೆ ಮಲ್ಲೇಶ್ವರ, ನನ್ನಮ್ಮನದು ಚಾಮರಾಜಪೇಟೆ. ಭಾನುವಾರ ನ್ಯಾಷನಲ್ ಕಾಲೇಜ್ ಸ್ಟೇಷನ್‌ನಲ್ಲಿ ಮೆಟ್ರೊ ಹತ್ತಿ ಸಂಪಿಗೆ ರೋಡಿನಲ್ಲಿ ಇಳಿಯುತ್ತೇವೆ. ಬರುವಾಗ ಅವರಮ್ಮ ಡಬ್ಬಿ ತುಂಬ ಹುಳಿ ಕೊಟ್ಟು ಕಳಿಸುತ್ತಾರೆ.

ಇನ್ನು ಆ ಸದಸ್ಯತ್ವಕ್ಕೆ ಸಹಿ ಮಾಡಿದ ನನ್ನ ತಪ್ಪಿನ ವಿಷಯ. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು, ದೆಹಲಿ ಹೈಕೋರ್ಟಿನ 2009ರ ತೀರ್ಪನ್ನು ತಳ್ಳಿಹಾಕಿತು. ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ 377ನೇ ಸೆಕ್ಷನ್ ನಮ್ಮ ತಲೆಯ ಮೇಲೆ ಮತ್ತೆ ಬಂದು ಕೂತಿತು. ಅದೇ ವರ್ಷ ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನ ಬಂದಿತ್ತು. ಗಾಂಧಿ ಬಜಾರಿನ ಅಂಕಿತ ಪುಸ್ತಕದಂಗಡಿಯಲ್ಲಿ ಕೊಂಡು, ಇಬ್ಬರೂ ಸರದಿಯ ಮೇಲೆ ಓದಿದ್ದೆವು. ನಮ್ಮ ಬದುಕು ಕನ್ನಡದಲ್ಲೇ ಅಚ್ಚಾಗಿದೆ ಎಂಬ ಸಂತೋಷ ಇನ್ನೂ ಆರಿರಲಿಲ್ಲ. ತೀರ್ಪು ಬಂದ ರಾತ್ರಿ ಅವನು ಆ ಪುಸ್ತಕವನ್ನು ಶೆಲ್ಫಿನಿಂದ ತೆಗೆದು ಬೀರುವಿನಲ್ಲಿ ಬಟ್ಟೆಗಳ ಕೆಳಗಿಟ್ಟ. ಯಾಕೆ ಎಂದು ನಾನು ಕೇಳಲಿಲ್ಲ.

ತಿಂಗಳು ಕಳೆದ ಮೇಲೆ ಮಾಲ್ ಒಂದರಲ್ಲಿ ಚೀಟಿ ತುಂಬಿದ್ದಕ್ಕೆ ನಮಗೆ ಊಟದ ಕರೆ ಬಂತು. ಹೋಟೆಲಿನ ಹಾಲ್‌ನಲ್ಲಿ ಮೇಜು ಮೇಜಿಗೂ ಗಂಡ ಹೆಂಡತಿ ಜೋಡಿ, ನಡುವೆ ನಾವಿಬ್ಬರು. ಟೈ ಕಟ್ಟಿದ್ದ ಹುಡುಗನೊಬ್ಬ ನಮ್ಮ ಎದುರು ಕೂತು ಒಂದು ಹಾಳೆ ತೆಗೆದ. ‘ಸರ್, ನಿಮ್ಮಿಬ್ಬರ ಹೆಸರು ಹೇಳಿ’ ಅಂದ. ನನ್ನ ಹೆಸರು ಬರೆದ, ಪಕ್ಕದಲ್ಲೇ ನಮ್ಮನೆಯವನ ಹೆಸರು ಬರೆದ, ಎರಡನ್ನೂ ಸೇರಿಸಿ ಸುತ್ತ ಒಂದು ಗೀಟು ಎಳೆದ. ‘ಇನ್ನು 25 ವರ್ಷ ನಿಮ್ಮಿಬ್ಬರ ರಜೆ ನಮ್ಮ ಜವಾಬ್ದಾರಿ’ ಅಂದ. ಆ ಹಾಳೆ ಈಗಲೂ ಕಣ್ಣ ಮುಂದಿದೆ. ದೇಶದ ಅತಿ ದೊಡ್ಡ ಕೋರ್ಟು ನೀವು ಅಪರಾಧಿಗಳು ಎಂದಿತ್ತು. ಇಲ್ಲಿ ಯಾರೋ ಒಬ್ಬ ನಮ್ಮಿಬ್ಬರ ಹೆಸರನ್ನು ಒಂದೇ ಗೀಟಿನೊಳಗೆ ಬರೆದು, 2039ರವರೆಗೂ ಜೊತೆಯಲ್ಲಿರುತ್ತೀರಿ ಎಂಬುದನ್ನು ಸಹಜವಾಗಿ ಒಪ್ಪಿಕೊಂಡು ಮಾತಾಡುತ್ತಿದ್ದ. ಅವತ್ತೇ ಸಹಿ ಮಾಡಿದೆ. ಮರುದಿನ ಎಫ್‌ಡಿ ಮುರಿದು 2,40,000 ರೂಪಾಯಿ ಕಟ್ಟಿದೆ.

ಒಪ್ಪಂದದ ಕಾಗದ ಕೊರಿಯರ್‌ನಲ್ಲಿ ಬಂತು. ಕವರ್ ಒಡೆಯದೆ ಬೀರುವಿನಲ್ಲಿಟ್ಟೆ. ಬೇಸಿಗೆಯಲ್ಲಿ ಮೊದಲ ಬುಕಿಂಗ್ ಮಾಡುವಾಗ ತೆಗೆದು ನೋಡಿದರೆ ಸದಸ್ಯ ನಾನೊಬ್ಬನೇ. ಕುಟುಂಬ ಎಂಬ ಕಾಲಂನಲ್ಲಿ ಹೆಂಡತಿ, ಮಕ್ಕಳು ಎಂದು ಅಚ್ಚಾಗಿತ್ತು, ಮುಂದೆ ಖಾಲಿ. ನನ್ನ ಜೊತೆ ಬಂದರೆ ನಮ್ಮನೆಯವನು ಅತಿಥಿ. ಅವರಮ್ಮನನ್ನು ಅವನೊಬ್ಬನೇ ಕರೆದುಕೊಂಡು ಹೋದರೆ ಅತಿಥಿ ಶುಲ್ಕ ಬೇರೆ. ಫೋನ್ ಮಾಡಿ ಕೇಳಿದೆ. ರದ್ದು ಮಾಡುವ ಅವಧಿ ಮುಗಿದಿದೆ, ಹಣ ವಾಪಸಿಲ್ಲ ಅಂದರು. ಊಟದ ದಿನದ ಹಾಳೆ ಬರೀ ಮಾತಿಗೆ ಬರೆದುಕೊಂಡದ್ದಂತೆ.

ಈಗ ಲೆಕ್ಕಕ್ಕೆ ಬರೋಣ. ಪೆನ್ನು ಹಿಡಿದುಕೊಂಡೇ ಓದಿ.

ಆ ಹುಡುಗ ಹೇಳಿದ ಲೆಕ್ಕ ಹೀಗಿತ್ತು: ವರ್ಷಕ್ಕೆ 7 ರಾತ್ರಿ, 25 ವರ್ಷಕ್ಕೆ 175 ರಾತ್ರಿ. 2,40,000ವನ್ನು 175ರಿಂದ ಭಾಗಿಸಿದರೆ ರಾತ್ರಿಗೆ 1,371 ರೂಪಾಯಿ. ‘ಇಷ್ಟಕ್ಕೆ ಇವತ್ತೇ ಒಳ್ಳೆಯ ರೂಮ್ ಸಿಗಲ್ಲ ಸರ್, 20 ವರ್ಷ ಆದ ಮೇಲೆ?’ ಅಂದ. ಭಾಗಾಕಾರ ಸರಿಯಾಗಿಯೇ ಇತ್ತು. ಬಿಟ್ಟುಹೋಗಿದ್ದು ಮೂರು ಸಂಗತಿ.

ಮೊದಲನೆಯದು ವಾರ್ಷಿಕ ಶುಲ್ಕ. 2014ರಲ್ಲಿ 12,000. ಪ್ರತಿ ವರ್ಷ ಶೇ 7ರಂತೆ ಏರಿ 2025ರಲ್ಲಿ 25,258 ಆಯಿತು. 12 ಕಂತು ಕೂಡಿಸಿದರೆ 2,14,662 ರೂಪಾಯಿ. ಸದಸ್ಯತ್ವಕ್ಕೆ ಕೊಟ್ಟಷ್ಟೇ ಹಣವನ್ನು ಹೆಚ್ಚುಕಡಿಮೆ ಎರಡನೇ ಸಲ ಕೊಟ್ಟಂತಾಯಿತು.

ಎರಡನೆಯದು, ಮುರಿದ ಎಫ್‌ಡಿ. ನಡುವೆ ಬಡ್ಡಿ ದರ ಏರಿದ್ದೂ ಇದೆ, ಬಿದ್ದದ್ದೂ ಇದೆ. ಸರಾಸರಿ ಶೇ 7 ಹಿಡಿಯೋಣ. 2,40,000ಕ್ಕೆ 12 ವರ್ಷ ಚಕ್ರಬಡ್ಡಿ ಸೇರಿದರೆ 5,40,526. ಅದಕ್ಕೆ ಶುಲ್ಕದ 2,14,662 ಸೇರಿಸಿ. ಒಟ್ಟು 7,55,188.

ಮೂರನೆಯದು ರಾತ್ರಿಗಳು. 12 ವರ್ಷದಲ್ಲಿ ನಮ್ಮ ಪಾಲಿಗೆ ಬರಬೇಕಿದ್ದದ್ದು 84. ಮನೆಖರ್ಚಿನ ಕಿರ್ದಿ ತೆಗೆದು ಎಣಿಸಿದೆ, ನಾವು ಮಲಗಿದ್ದು 41. ದಸರಾಕ್ಕೆ ಕೇಳಿದರೆ ರೂಮ್ ಇಲ್ಲ, ಕ್ರಿಸ್‌ಮಸ್‌ಗೆ ಇಲ್ಲ, ಅವರು ಕೊಡುವ ದಿನಕ್ಕೆ ನಮಗೆ ರಜೆ ಇಲ್ಲ. ಕೂಡಿಟ್ಟ ರಾತ್ರಿಗಳು ಅವಧಿ ಮೀರಿ ಹೋದವು. 7,55,188ನ್ನು 41ರಿಂದ ಭಾಗಿಸಿ. ರಾತ್ರಿಗೆ 18,419 ರೂಪಾಯಿ.

ಎಫ್‌ಡಿ ಬಡ್ಡಿಗೆ ತೆರಿಗೆ ಇಲ್ಲವೇ ಎಂದು ಕೇಳುವವರಿದ್ದಾರೆ, ಕೇಳಬೇಕಾದ್ದೇ. ಶೇ 20ರ ಸ್ಲ್ಯಾಬ್ ಹಿಡಿದು ಮತ್ತೆ ಮಾಡಿದೆ. ರಾತ್ರಿಗೆ 16,500ರ ಹತ್ತಿರ ಬಂತು. ಒಂದು ದಿನವೂ ಬಿಡದೆ 84 ರಾತ್ರಿ ಹೋಗಿದ್ದರೆ? ತೆರಿಗೆ ಕಳೆಯದ ಲೆಕ್ಕದಲ್ಲಿ 8,990. ಊಟ, ತಿಂಡಿ, ಪೆಟ್ರೋಲು ಇದರಲ್ಲಿ ಯಾವುದೂ ಇಲ್ಲ. ಉಳಿದ 13 ವರ್ಷಕ್ಕೆ ಬೆಲೆ ಕಟ್ಟಲಿಲ್ಲವಲ್ಲ ಎಂಬ ಆಕ್ಷೇಪವೂ ಬರಬಹುದು. ವಾಪಸು ಕೊಟ್ಟರೆ ಒಂದು ರೂಪಾಯಿ ಬರದ ವಸ್ತುವಿಗೆ ನಾನು ಬೆಲೆ ಕಟ್ಟುವುದಿಲ್ಲ. ಬದಲಿಗೆ ಅದನ್ನು ಉಳಿಸಿಕೊಳ್ಳಲು ಎಷ್ಟು ಬೇಕು ಎಂದು ನೋಡಿದೆ. ಈ ವರ್ಷದ 27,026ರಿಂದ ಶುರುಮಾಡಿ ಅದೇ ಶೇ 7ರಂತೆ ಏರಿಸುತ್ತ 13 ಕಂತು ಕಟ್ಟಿದರೆ 5,44,000 ದಾಟುತ್ತದೆ.

ಇಂಥ ರಜೆ ಸದಸ್ಯತ್ವಗಳನ್ನು ಹೂಡಿಕೆ ಎಂದು ಕರೆಯುವವರ ಜೊತೆ ವಾದ ಮಾಡುವ ತಾಳ್ಮೆ ನನಗೆ ಈಗ ಉಳಿದಿಲ್ಲ. ಆಸ್ತಿಯಲ್ಲ, ಸಾಲವಲ್ಲ, ಪ್ರವಾಸವೂ ಅಲ್ಲ. ಮುಂದಿನ 25 ವರ್ಷದ ನಿಮ್ಮ ಸಂಬಳ, ನಿಮ್ಮ ರಜೆ, ನಿಮ್ಮ ಆರೋಗ್ಯ ಎಲ್ಲವೂ ಹೀಗೆಯೇ ಇರುತ್ತವೆ ಎಂದು ನಂಬಿಸಿ ಹಣವನ್ನು ಮುಂಚೆಯೇ ಎಣಿಸಿಕೊಳ್ಳುವ ವ್ಯವಹಾರ ಇದು. ಶುಲ್ಕ ಏರಿಸುವುದು ಅವರ ಕೈಯಲ್ಲಿ, ರೂಮ್ ಕೊಡುವುದು ಅವರ ಕೈಯಲ್ಲಿ. ಅವತ್ತೇ ಸಹಿ ಮಾಡಿದರೆ ಮಾತ್ರ ರಿಯಾಯಿತಿ ಎನ್ನುವ ಯಾವ ಕಾಗದಕ್ಕೂ ಕೈ ಹಾಕಬೇಡಿ. ಮನೆಗೆ ತಂದು, ರಾತ್ರಿ ಮಲಗಿ, ಬೆಳಗ್ಗೆ ಕಾಫಿ ಕುಡಿದು ಓದಿ.

ಆದರೂ ನನ್ನನ್ನು ಈ ಏಳೂವರೆ ಲಕ್ಷಕ್ಕಿಂತ ಹೆಚ್ಚು ಕಾಡುವುದು ಬೇರೆ.

2019ರ ಜುಲೈನಲ್ಲಿ ಆಗುಂಬೆಗೆ ಹೋಗಿದ್ದೆವು. ಸದಸ್ಯತ್ವದ ರೂಮ್ ಸಿಗಲಿಲ್ಲ, ಹೋಮ್‌ಸ್ಟೇ ಹಿಡಿದಿದ್ದೆವು. ಎರಡನೇ ದಿನ ಬೆಳಗ್ಗೆ ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಅವನು ಜಾರಿ ಬಿದ್ದು ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು. ಘಟ್ಟದ ಮಳೆಯಲ್ಲಿ ಗಾಡಿ ಮಾಡಿಕೊಂಡು ಪೇಟೆಯ ಆಸ್ಪತ್ರೆಯೊಂದಕ್ಕೆ ತಂದೆ. ಆಪರೇಷನ್ ಆಗಬೇಕು ಅಂದರು. ಕೌಂಟರಿನಲ್ಲಿದ್ದವರು ಫಾರ್ಮ್ ಮುಂದೆ ತಳ್ಳಿ ಕೇಳಿದರು, ‘ಪೇಷೆಂಟ್‌ಗೆ ನೀವೇನಾಗಬೇಕು?’

ಕನ್ನಡದಲ್ಲಿ ಸಂಬಂಧವನ್ನು ಹೀಗೇ ಕೇಳುತ್ತೇವೆ, ‘ಏನಾಗಬೇಕು’ ಎಂದು. ಎಂಟು ವರ್ಷ ಒಂದೇ ಮನೆಯಲ್ಲಿದ್ದೆವು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನಲ್ಲೇ 377 ಬಿದ್ದು ಆಗಲೇ ಹತ್ತು ತಿಂಗಳಾಗಿತ್ತು. ‘ಸ್ನೇಹಿತ’ ಎಂದು ಬರೆದೆ. ‘ಹಾಗಾದ್ರೆ ಮನೆಯವರನ್ನ ಕರೆಸಿ, ಸಹಿ ಬೇಕು’ ಅಂದರು. ಅವನ ಅಣ್ಣ ಮಲ್ಲೇಶ್ವರದಿಂದ ರಾತ್ರಿಯಿಡೀ ಕಾರು ಓಡಿಸಿಕೊಂಡು ಬೆಳಗಿನ ಜಾವ ಬಂದರು. ಅಡ್ವಾನ್ಸ್ ಕಟ್ಟಲು ಅವನ ಖಾತೆಯಲ್ಲಿ ಹಣವಿತ್ತು, ಖಾತೆ ಅವನೊಬ್ಬನ ಹೆಸರಿನಲ್ಲಿ. ಅವನ ಆಫೀಸಿನ ಇನ್ಶೂರೆನ್ಸ್ ಕಾರ್ಡ್ ಎಲ್ಲಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಅವನ ಕಾಲಿನ ಪಕ್ಕ ಸ್ಟೂಲಿನ ಮೇಲೆ ಕೂತು ಬೆಳಗಾಗುವುದನ್ನು ಕಾದೆ. ಆ ರಾತ್ರಿ ಅವನು ನೋವಿಗೆ ನನ್ನ ಕೈ ಹಿಡಿದುಕೊಂಡ ಜಾಗ ಎರಡು ದಿನ ಕೆಂಪಗಿತ್ತು.

ಎರಡು ಹೆಸರಿರುವ ಒಂದು ಕಾಗದಕ್ಕಾಗಿ ನಾನು ಎಫ್‌ಡಿ ಮುರಿದಿದ್ದೆ. ಅಂಥ ಕಾಗದ ಬ್ಯಾಂಕಿನಲ್ಲಿ ಪುಕ್ಕಟೆ ಸಿಗುತ್ತಿತ್ತು. ಐದರ್ ಆರ್ ಸರ್ವೈವರ್ ಜಾಯಿಂಟ್ ಖಾತೆಗೆ ರಕ್ತಸಂಬಂಧ ಬೇಕು ಎಂಬ ಕಾನೂನು ಯಾವತ್ತೂ ಇರಲಿಲ್ಲ. ಕೌಂಟರಿನಲ್ಲಿ ‘ಏನಾಗಬೇಕು’ ಎಂದು ಕೇಳುತ್ತಾರೆ ಎಂಬ ಹೆದರಿಕೆ ಇತ್ತು, ಅಷ್ಟೆ. 2024ರ ಆಗಸ್ಟ್ 28ರಂದು ಹಣಕಾಸು ಸಚಿವಾಲಯವೇ ಸ್ಪಷ್ಟಪಡಿಸಿತು: ಸಲಿಂಗಿ ಜೋಡಿಗಳು ಜಾಯಿಂಟ್ ಅಕೌಂಟ್ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಯಾವ ಅಡ್ಡಿಯೂ ಇಲ್ಲ. ಒಂದೇ ಮನೆಯವರೆಂದು ರೇಷನ್ ಕಾರ್ಡಿಗೂ ಪರಿಗಣಿಸಬೇಕೆಂಬ ಸೂಚನೆ ಅದೇ ವರ್ಷ ಹೋಯಿತು. ಮದುವೆಗೆ ಮಾನ್ಯತೆ ಕೊಡಲಾಗದು ಎಂದು 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಹೇಳಿದ ಮೇಲೆ ಕೇಂದ್ರ ನೇಮಿಸಿದ ಸಮಿತಿಯಿಂದ ಬಂದ ಫಲ ಇವು. ಸಣ್ಣವೇ. ಆದರೆ ಕೌಂಟರಿನಲ್ಲಿ ತೋರಿಸಲು ಒಂದು ಪ್ರಿಂಟ್ ಔಟ್ ಇದ್ದರೆ ನಿಂತುಕೊಳ್ಳುವ ರೀತಿಯೇ ಬದಲಾಗುತ್ತದೆ. ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಹೋಗಿ ಖಾತೆ ತೆರೆದೆವು. ಗುಮಾಸ್ತೆ ಏನೂ ಕೇಳಲಿಲ್ಲ, ಇಬ್ಬರ ಪ್ಯಾನ್ ಕಾರ್ಡು ಜೆರಾಕ್ಸ್ ಮಾಡಿಸಿಕೊಂಡು ಬನ್ನಿ ಅಂದರು.

ನಾಮಿನಿ ಮಾಡಿದ್ದಾಯಿತಲ್ಲ ಎಂದು ಕೂರಬೇಡಿ. ಜೀವವಿಮೆಯಲ್ಲಿ ಹಣ ತನ್ನದೇ ಎಂದು ಇಟ್ಟುಕೊಳ್ಳುವ ಹಕ್ಕು ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳು ನಾಮಿನಿಯಾದರೆ ಮಾತ್ರ. ಮಿಕ್ಕ ನಾಮಿನಿ ಹಣ ಪಡೆದು ವಾರಸುದಾರರಿಗೆ ಒಪ್ಪಿಸಬೇಕಾದವನು. ಪಿಎಫ್‌ನಲ್ಲಂತೂ ಕುಟುಂಬ ಎಂಬುದರ ಅರ್ಥ ಇನ್ನೂ ಬಿಗಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಯಾವ ಪಟ್ಟಿಯಲ್ಲೂ ನಮ್ಮನೆಯವನಿಲ್ಲ. ನಾನು ಉಯಿಲು ಬರೆಯದೆ ಹೋದರೆ ಎಲ್ಲವೂ ಅಮ್ಮನಿಗೆ ಹೋಗುತ್ತದೆ. ಅಮ್ಮ ಅವನಿಗೆ ಕೊಟ್ಟೇ ಕೊಡುತ್ತಾರೆ, ನನಗೆ ಅನುಮಾನವಿಲ್ಲ. ಅಮ್ಮನಿಗೆ 78 ವರ್ಷ. ಹಾಗಾಗಿ ಇಬ್ಬರೂ ಉಯಿಲು ಬರೆದು, ತಲಾ ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ರಿಜಿಸ್ಟರ್ ಮಾಡಿಸಿದೆವು. ಛಾಪಾ ಕಾಗದ ಬೇಕಿಲ್ಲ. ವಕೀಲರಿಗೆ ಕೊಟ್ಟದ್ದು 6,000 ರೂಪಾಯಿ. ನನ್ನ ಕಡೆಯ ಒಬ್ಬ ಸಾಕ್ಷಿ ಅವನ ಅಣ್ಣ.

ತೆರಿಗೆಯಲ್ಲೂ ನಾವು ಒಬ್ಬರಿಗೊಬ್ಬರು ಪರಕೀಯರೇ. ಗಂಡ ಹೆಂಡತಿಗೆ 10 ಲಕ್ಷ ಕೊಟ್ಟರೂ ಅದು ಉಡುಗೊರೆ, ಪಡೆದವರಿಗೆ ತೆರಿಗೆಯಿಲ್ಲ. ಅವನು ನನಗೆ ವರ್ಷದಲ್ಲಿ 60,000 ಕೊಟ್ಟರೆ, 50,000 ದಾಟಿದ 10,000ಕ್ಕಲ್ಲ, ಪೂರ್ತಿ 60,000ಕ್ಕೂ ನಾನು ತೆರಿಗೆ ಕಟ್ಟಬೇಕು. ಇದನ್ನು ಪ್ರಶ್ನಿಸಿ ಒಂದು ಜೋಡಿ 2025ರಲ್ಲಿ ಬಾಂಬೆ ಹೈಕೋರ್ಟಿಗೆ ಹೋಗಿದೆ. ಖರ್ಚಿನ ಪಾಲು ಉಡುಗೊರೆಯಲ್ಲ ಎಂದು ತೋರಿಸಲು ನಮ್ಮ ಹತ್ತಿರ ಕಿರ್ದಿ ಇದೆ. ಅವೆನ್ಯೂ ರೋಡಿನಲ್ಲಿ ತಂದ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕ. ಬಾಡಿಗೆ, ಹಾಲು, ಗಾಂಧಿ ಬಜಾರಿನ ಹೂವು, ಟ್ರೈನ್ ಟಿಕೆಟ್ಟು, ಯಾರು ಕೊಟ್ಟರು, ಯಾರ ಪಾಲು ಎಷ್ಟು. ಮೊದಮೊದಲು ಅವನಿಗೆ ಇದು ಹಿಡಿಸಿರಲಿಲ್ಲ. ‘ನಮ್ಮಿಬ್ಬರ ಮಧ್ಯ ಲೆಕ್ಕ ಏನೋ?’ ಅನ್ನುತ್ತಿದ್ದ. ಈಗ ಶನಿವಾರ ರಾತ್ರಿ ನಾನು ಮರೆತರೆ ಅವನೇ ತೆಗೆಯುತ್ತಾನೆ.

ಕೆಲವು ಸ್ನೇಹಿತರು ಹೇಳುವುದುಂಟು: ಥಾಯ್ಲೆಂಡಿನಲ್ಲಿ 2025ರ ಜನವರಿ 23ರಿಂದ ನಮ್ಮಂಥವರ ಮದುವೆಗೆ ಕಾನೂನು ಬಂದಿದೆ, ಪ್ರವಾಸವೂ ಆಯಿತು ಮದುವೆಯೂ ಆಯಿತು, ಹೋಗಿ ಬನ್ನಿ ಎಂದು. ಆಸೆಯಿಲ್ಲ ಎಂದರೆ ಸುಳ್ಳು. ಸಂತೋಷಕ್ಕೆ ಹೋಗುವುದಾದರೆ ಹೋಗಲೇಬೇಕು. ಆದರೆ ಅಲ್ಲಿಂದ ತರುವ ಪ್ರಮಾಣಪತ್ರ ಇಲ್ಲಿನ ಬ್ಯಾಂಕಿನಲ್ಲಿ, ತೆರಿಗೆ ಇಲಾಖೆಯಲ್ಲಿ ನಡೆಯುವುದಿಲ್ಲ. ಅದಕ್ಕೆಂದು ಸಾಲ ಮಾಡಲು ಹೊರಟಿದ್ದ ಇಬ್ಬರು ಹುಡುಗರನ್ನು ಕೂರಿಸಿಕೊಂಡು ಮೊದಲು ಉಯಿಲು ಬರೆಸಿದ್ದೇನೆ.

ಆ ವಯಸ್ಸಿನ ಹುಡುಗರನ್ನು ಕಂಡಾಗಲೆಲ್ಲ ನನಗೆ ಹೇಳಬೇಕೆನಿಸುವುದು ಇನ್ನೊಂದಿದೆ. ‘ಮಕ್ಕಳಿಲ್ಲ ಮರಿಯಿಲ್ಲ, ಯಾರಿಗೆ ಉಳಿಸಬೇಕು ಸರ್?’ ಎನ್ನುತ್ತಾರೆ. ನಾನೂ ಹಾಗೇ ಅಂದುಕೊಂಡವನು. ನಿಮಗೊಂದು ಮುಂದಿನ ದಿನವಿದೆ ಎಂದು ಚಿಕ್ಕಂದಿನಿಂದ ಯಾರೂ ಹೇಳದೆ ಇದ್ದಾಗ, ಮುಪ್ಪಿಗೆ ಹಣ ಇಡಬೇಕು ಎಂದು ಹೊಳೆಯುವುದೇ ಇಲ್ಲ. ಸಂಬಳ ಬಂದ ವಾರ ಕೈ ಬಿಚ್ಚುತ್ತದೆ, ಬೇಸರವಾದ ಸಂಜೆ ಮತ್ತೆ ಬಿಚ್ಚುತ್ತದೆ. ಮಕ್ಕಳಿಲ್ಲದವರಿಗೆ ಮುಪ್ಪಿನಲ್ಲಿ ಹಣ ಹೆಚ್ಚೇ ಬೇಕು. ಆಸ್ಪತ್ರೆಗೆ ಕರೆದೊಯ್ಯುವವರಿಗೆ, ಮನೆಯಲ್ಲಿ ಅಡುಗೆ ಮಾಡುವವರಿಗೆ, ರಾತ್ರಿ ಜೊತೆ ಮಲಗಲು ಬರುವವರಿಗೆ, ಎಲ್ಲರಿಗೂ ಸಂಬಳ ಕೊಟ್ಟು ನಡೆಯಬೇಕಾದ ಮುಪ್ಪು ನಮ್ಮದು. ಬೇರೆ ಬೇರೆಯಾಗಿಯೇ ಆದರೂ ಆರೋಗ್ಯ ವಿಮೆ ಮಾಡಿಸಿ. 2025ರ ಸೆಪ್ಟೆಂಬರ್ 22ರಿಂದ ಅದರ ಮೇಲೆ ಜಿಎಸ್‌ಟಿ ಕೂಡ ಇಲ್ಲ. ಕಾರ್ಡಿನ ಒಂದು ಪ್ರತಿ ಇನ್ನೊಬ್ಬರ ಪರ್ಸಿನಲ್ಲಿರಲಿ. ಮನಸ್ಸಿಗೆ ಪೆಟ್ಟು ಬಿದ್ದ ತಿಂಗಳಲ್ಲಿ ದೊಡ್ಡ ಮೊತ್ತದ ಯಾವುದಕ್ಕೂ ಸಹಿ ಹಾಕಬೇಡಿ. ದುಡ್ಡು ಕೊಟ್ಟು ಗೌರವ ಕೊಳ್ಳಲು ನಾನು ಹೋದದ್ದು ಅಂಥದೊಂದು ತಿಂಗಳಲ್ಲಿ.

ಈಗ ಜಾಯಿಂಟ್ ಖಾತೆಗೆ ತಿಂಗಳಿಗೆ ತಲಾ 3,000 ಹಾಕುತ್ತೇವೆ. ವರ್ಷಕ್ಕೆ 72,000. ಅದರಲ್ಲೇ ಎರಡು ಪ್ರವಾಸ, ಒಂದು ಘಟ್ಟಕ್ಕೆ, ಒಂದು ಸಮುದ್ರಕ್ಕೆ. ರೂಮ್ ಕೇಳುವಾಗ ಡಬಲ್ ಬೆಡ್ ಎಂದೇ ಕೇಳುತ್ತೇವೆ. ‘ಅಣ್ಣತಮ್ಮಂದಿರಾ ಸಾರ್?’ ಎಂದು ಕೇಳಿದರೆ ಅವನು ‘ಅಲ್ಲ’ ಎಂದಷ್ಟೇ ಹೇಳಿ ಆಧಾರ್ ಕಾರ್ಡು ಕೊಡುತ್ತಾನೆ.

ಶನಿವಾರ ರಾತ್ರಿ ಬೇಳೆ ಹಿದುಕಿ ಮುಗಿಸಿ, ಸಿಪ್ಪೆ ಚೆಲ್ಲಿ, ಕೈ ತೊಳೆದು ಕಾಗದ ಬರೆಯಲು ಕೂತೆವು. ‘ಇಷ್ಟು ಕಟ್ಟಿದ್ದೀವಲ್ಲೋ, ಸುಮ್ಮನೆ ಬಿಡೋದಾ?’ ಎಂದ. ಕಿರ್ದಿಯ ಪುಟ ಅವನ ಮುಂದೆ ಹಿಡಿದೆ. ಕೊಟ್ಟದ್ದು ಹೋಯಿತು, ಕೊಡಬೇಕಿರುವ 5,44,000 ಇನ್ನೂ ನಮ್ಮ ಹತ್ತಿರವೇ ಇದೆ. ಅವನು ಸ್ವಲ್ಪ ಹೊತ್ತು ನೋಡಿ, ‘ಬರಿ’ ಅಂದ. ಸದಸ್ಯತ್ವ ಬಿಟ್ಟುಕೊಡುತ್ತಿದ್ದೇವೆ, ಈ ವರ್ಷದಿಂದ ಶುಲ್ಕ ಕಟ್ಟುವುದಿಲ್ಲ, ಎಂದು ನಾಲ್ಕು ಸಾಲು. ಕೆಳಗೆ ಸದಸ್ಯರ ಸಹಿ ಎಂದು ಬರೆದು ನಾನು ಸಹಿ ಮಾಡಿದೆ. ಪೆನ್ನು ತೆಗೆದುಕೊಂಡು ಪಕ್ಕದಲ್ಲಿ ಅವನೂ ಮಾಡಿದ.

ಸೋಮವಾರ ಬಸವನಗುಡಿ ಪೋಸ್ಟ್ ಆಫೀಸಿನಲ್ಲಿ ಸ್ಪೀಡ್ ಪೋಸ್ಟ್ ಮಾಡಿ ರಸೀದಿಯನ್ನು ಕಿರ್ದಿಗೆ ಅಂಟಿಸಿದ್ದೇನೆ. ಅದರ ಕೆಳಗಿನ ಸಾಲು ಫೆಬ್ರುವರಿಯದು: ಗೋಕರ್ಣ, ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಎರಡು ಸ್ಲೀಪರ್, ಮೂರು ರಾತ್ರಿಗೆ ರೂಮ್ 7,500.